ಉಂಗುರ ಹುಳಕ್ಕೆ ಒಂದು ಡಬ್ಬಿ ಸಕ್ಕರೆ

ಏಪ್ರಿಲ್ 3, ಗುರುವಾರ

ಜರಡೀ,

ನಾಲ್ಕು ತಿಂಗಳು ಮಾತು ಬಿಟ್ಟವರು ಕಾಗದ ಹೇಗೆ ಶುರು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಮೊದಲು ಸುದ್ದಿ. ಮಗ ಹುಟ್ಟಿ ಮೂರು ತಿಂಗಳಾಯಿತು. ಗುಂಡಗಿದ್ದಾನೆ, ಅದಕ್ಕೇ ಗುಂಡ. ಆಸ್ಪತ್ರೆಯ ಕಾಗದದಲ್ಲಿ ಬೇರೆ ಹೆಸರಿದೆ, ಅದನ್ನು ಇನ್ನೂ ಯಾರೂ ಬಾಯಿಬಿಟ್ಟು ಕರೆದಿಲ್ಲ.

ಫೋನ್ ಮಾಡೋಣವೆಂದರೆ ಕಾಡಿನಂಚಿನ ನಿನ್ನ ಕ್ಯಾಂಪಿಗೆ ಸಿಗ್ನಲ್ ಇಲ್ಲ. ಜೀಪಣ್ಣ ಮಂಗಳವಾರ ನಿನ್ನ ಬಾಟಲಿಗಳ ಪೆಟ್ಟಿಗೆ ತಗೊಂಡು ಲ್ಯಾಬಿಗೆ ಇಳಿಯುತ್ತಾನೆ, ಶುಕ್ರವಾರ ಖಾಲಿ ಪೆಟ್ಟಿಗೆ ಮೇಲಕ್ಕೆ ಒಯ್ಯುತ್ತಾನೆ. ನಮ್ಮ ಮನೆ ಅವನ ದಾರಿಯಲ್ಲೇ ಇದೆಯಲ್ಲ, ಕೇಳಿದೆ. "ಕೊಡಿ ತಂಗೀ, ಮಣ್ಣಿನ ಜೊತೆ ಜಗಳಾನೂ ಸಾಗಿಸ್ತೀನಿ" ಅಂದ. ನಮ್ಮಿಬ್ಬರ ವಿಷಯ ಜೀಪಿನವರೆಗೂ ಹೋಗಿದೆ ಅಂತ ಆಗ ಗೊತ್ತಾಯಿತು.

ಇಲ್ಲಿ ನಿದ್ದೆ ಅನ್ನುವುದು ಹಳೇ ಪರಿಚಯದವರ ಹಾಗೆ, ಬಂದರೂ ಕೂರುವುದಿಲ್ಲ. ನೀನು ಕಾಡಿನ ಮಣ್ಣು ಜರಡಿ ಹಿಡಿಯುವವಳು, ನಾನು ಲ್ಯಾಬಿನಲ್ಲಿ ಅದರ ಹುಳ ಎಣಿಸುವವಳು. ಎಣಿಸಲು ಹುಳ ಸಿಗದಿದ್ದರೆ ಮಗನನ್ನು ಎಣಿಸುತ್ತೇನೆ. ಅಡುಗೆಮನೆ ಗೋಡೆಗೆ ಒಂದು ಚಾರ್ಟು ಹಾಕಿದ್ದೇನೆ: ಹಾಲು, ಉಚ್ಚೆ, ನಿದ್ದೆ, ಸೀನು. "ಸೀನು ಯಾಕೆ?" ಅಂತ ಅತ್ತೆ ಕೇಳಿದರು. ಆಮೇಲೆ ಬೇಕಾಗಬಹುದು ಅಂದೆ. ಅವರು ನಲವತ್ತು ವರ್ಷ ಬಟ್ಟೆ ಹೊಲಿದು, ಈ ಬೀದಿಯ ಅರ್ಧ ಜನರ ಸೊಂಟದ ಅಳತೆ ಬಲ್ಲವರು. "ನಾನೂ ಬರೆದಿಟ್ಕೋತಿದ್ದೆ ಕಣಮ್ಮಾ. ಆದ್ರೆ ಬಟ್ಟೆ ಕೊಟ್ಟ ಮೇಲೆ ಚೀಟಿ ಹರಿದು ಹಾಕ್ತಿದ್ದೆ" ಅಂದರು.

ಡಿಸೆಂಬರಿನಲ್ಲಿ ನಾನು ಹೆರಿಗೆ ರಜೆಗೆ ಹೊರಟ ದಿನ ನೀನು "ಕಣ್ಣೆಲ್ಲ ಹೊಟ್ಟೆ ಮೇಲಿಟ್ಕೊಂಡು ಎಣಿಸಿದ್ರೆ ಹುಳ ಎಲ್ಲಿಂದ ಕಾಣುತ್ತೆ" ಅಂದೆ. ನಾನು "ಮಣ್ಣು ಹೊರೋದಕ್ಕೆ ಕಣ್ಣು ಬೇಡ ಬಿಡು" ಅಂದೆ. ನಿನ್ನ ಮಾತು ನನಗೆ ಎಷ್ಟು ಸಲ ನೆನಪಾಗಿದೆಯೋ, ನನ್ನದು ಅದರ ಎರಡರಷ್ಟು ಸಲ ನೆನಪಾಗಿದೆ. ಇದನ್ನು ಚಾರ್ಟಿನಲ್ಲಿ ಹಾಕಿಲ್ಲ.

ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಎಣಿಕೆ


ಏಪ್ರಿಲ್ 7, ಸೋಮವಾರ

ಎಣಿಕೆಗೆ,

ಮಗ ಆಗಿದ್ದು ಸಂತೋಷ. ಇಲ್ಲಿ ಎಲ್ಲ ಸರಿಯಾಗಿದೆ. 212ನೇ ಬಾಟಲಿಯ ಮುಚ್ಚಳ ಸಡಿಲ, ಲ್ಯಾಬಿನವರಿಗೆ ಹೇಳು.

ಸೀನು ಎಷ್ಟು?

ಜರಡಿ


ಮೇ 1, ಗುರುವಾರ

ಜರಡೀ,

ಏಪ್ರಿಲ್ ಒಂದರಲ್ಲೇ ಹದಿನಾಲ್ಕು. ನೀನು ತಮಾಷೆಗೆ ಕೇಳಿದೆಯೋ ಚುಚ್ಚಲು ಕೇಳಿದೆಯೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ.

ಈಗ ಬರೆಯಲೇಬೇಕು. ನಮ್ಮ ಲ್ಯಾಬಿನ ಮೇಷ್ಟ್ರು ಮಗುವನ್ನು ನೋಡಲು ಬಂದಿದ್ದರು. ಒಂದು ಕೈಯಲ್ಲಿ ಗಿಲಕಿ, ಇನ್ನೊಂದರಲ್ಲಿ ನಮ್ಮ ವರದಿಯ ಕರಡು. ಅವರ ಸ್ವಭಾವ ಗೊತ್ತಲ್ಲ, ಗುಂಡನ ಕೈಗೆ ಕರಡು ಕೊಟ್ಟು ನನ್ನ ಕೈಗೆ ಗಿಲಕಿ ಕೊಟ್ಟರು. ಅವನು ಮೊದಲ ಪುಟದ ಮೂಲೆ ಚೀಪಿದ. ಮಿಕ್ಕದ್ದನ್ನು ನಾನು ಓದಿದೆ.

ಹೊಲಗಳ ಭಾಗಕ್ಕೆ ಏನೂ ತೊಂದರೆಯಿಲ್ಲ. ಟೊಮೆಟೊ, ಕ್ಯಾರೆಟ್, ಬದನೆ ಎಲ್ಲಿ ನೋಡಿದರೂ ಬೇರಿಗೆ ಸೂಜಿಬಾಯಿ ಚುಚ್ಚಿ ಹೀರುವ ಜಂತುಹುಳುಗಳು ಸಾವಿರಗಟ್ಟಲೆ, ಆದರೆ ನಾಲ್ಕೈದೇ ಜಾತಿ. ಕಾಡಿನ ಭಾಗ ಕೈಕೊಟ್ಟಿದೆ. ಹೋದ ವರ್ಷ ಜುಲೈವರೆಗೆ ನಿನ್ನ ಒಂದೊಂದು ಮರದ ಬುಡದಲ್ಲೂ ಎಂಟು, ಹತ್ತು ಜಾತಿ. ಆಗಸ್ಟಿನಿಂದ ಡಿಸೆಂಬರಿನವರೆಗೆ ಅದೇ ಮರ, ಅದೇ ಬುಡ, ಎರಡೋ ಮೂರೋ. ಮೈತುಂಬ ಉಂಗುರದ ಹಾಗೆ ನೆರಿಗೆಯಿರುವ ನಮ್ಮ ಉಂಗುರ ಹುಳದ ಸಾಲಿನಲ್ಲಂತೂ ಸೊನ್ನೆ, ಸೊನ್ನೆ, ಸೊನ್ನೆ. ಎಲ್ಲ ನನ್ನ ಕೈಬರಹ.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, "ಆಗಸ್ಟಲ್ಲಿ ನಿಮಗೆ ಎಷ್ಟು ತಿಂಗಳಮ್ಮಾ?" ಅಂತ ಕೇಳಿದರು. ಐದು ಅಂದೆ. ಆಮೇಲೆ ಅವರು ನನ್ನ ಕೈಯಿಂದ ಗಿಲಕಿ ತಗೊಂಡು ತಾವೇ ಅಲ್ಲಾಡಿಸುತ್ತಾ ಕೂತರು.

ವರದಿ ಜೂನ್ ಮೂವತ್ತಕ್ಕೆ ಹೋಗಬೇಕು. ಅಷ್ಟರಲ್ಲಿ ಈ ಸೊನ್ನೆಗಳಿಗೆ ಕಾರಣ ತಿಳಿಯದಿದ್ದರೆ ಕಾಡಿನ ಭಾಗವನ್ನೇ ಕೈಬಿಡುತ್ತಾರಂತೆ. ನಿನ್ನ ಎರಡು ವರ್ಷ, ನಲವತ್ತು ಮರ, ಬೆನ್ನ ಮೇಲೆ ಹೊತ್ತ ಅಷ್ಟೂ ಮಣ್ಣು. ನನ್ನ ಕಣ್ಣಿನಿಂದಾಗಿ.

ನಿಜ ಹೇಳು. ನೀನು ಡಿಸೆಂಬರಿನಲ್ಲಿ ಅಂದದ್ದು ಸಿಟ್ಟಿಗಾ, ಇಲ್ಲಾ ಯಾರಾದರೂ ನೋಡಿ ಹೇಳಿದ್ದಾ? ನನಗೆ ನೆನಪಿರುವ ಮಟ್ಟಿಗೆ ನಾನು ಸೂಕ್ಷ್ಮದರ್ಶಕದ ಮುಂದೆ ಒಂದು ಸಲವೂ ತೂಕಡಿಸಿಲ್ಲ. ಆದರೆ ತೂಕಡಿಸಿದವರಿಗೆ ತೂಕಡಿಸಿದ್ದು ನೆನಪಿರುತ್ತದಾ? ನಿನ್ನೆ ನಾನು ಹಾಲಿನ ಬಾಟಲಿ ಫ್ರಿಜ್ಜಿನ ಬದಲು ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದೆ. ಹಾಗಾಗಿ ಕೇಳುತ್ತಿದ್ದೇನೆ.

ಚಾರ್ಟಿನಲ್ಲಿ ಹೊಸ ಸಾಲು ಬಂದಿದೆ: ಹೊರಳು. ಪಕ್ಕದ ಮನೆಯ ಬೇಕರಿಯವರ ಮಗಳು ಗುಂಡನಿಗಿಂತ ಆರು ದಿನಕ್ಕೆ ಚಿಕ್ಕವಳು, ಆಗಲೇ ಮಗುಚಿ ಬೀಳುತ್ತಾಳೆ. ಇವನು ಬೆನ್ನ ಮೇಲೆ ಮಲಗಿ ನನ್ನ ಮುಖ ನೋಡುತ್ತಾ ಇರುತ್ತಾನೆ. ದಿನಕ್ಕೆ ಆರು ಸಲ ಪರೀಕ್ಷೆ ಮಾಡುತ್ತೇನೆ. ಆರೂ ಸೊನ್ನೆ. ನನ್ನ ಜನ್ಮದಲ್ಲಿ ಇಷ್ಟು ಸೊನ್ನೆ ಬರೆಯುವುದಿತ್ತೇನೋ.

ಎಣಿಕೆ


ಮೇ 12, ಸೋಮವಾರ

ಎಣಿಕೆ,

ಚುಚ್ಚಲು ಕೇಳಿದ್ದಲ್ಲ. ಹದಿನಾಲ್ಕು ಏನೂ ಜಾಸ್ತಿ ಅಲ್ಲ. ನಾನು ಬೆಳಿಗ್ಗೆ ತಣ್ಣೀರಲ್ಲಿ ಜರಡಿ ತೊಳೆಯುವಾಗ ಒಬ್ಬಳೇ ಅಷ್ಟು ಸೀನುತ್ತೇನೆ, ನನಗೆ ಯಾರೂ ಚಾರ್ಟು ಹಾಕಿಲ್ಲ.

ಡಿಸೆಂಬರಿನ ಮಾತು ಸಿಟ್ಟಿನದು. ಯಾರೂ ಏನೂ ನೋಡಿರಲಿಲ್ಲ. ನಾನು ಇಲ್ಲಿ ಮೇಲೆ, ನೀನು ಅಲ್ಲಿ ಕೆಳಗೆ. ನೀನು ತೂಕಡಿಸಿದರೆ ನನಗೆ ಹೇಗೆ ಗೊತ್ತಾಗಬೇಕು? ಸೊನ್ನೆಗಳ ಪಟ್ಟಿ ಕೈಗೆ ಬಂದಾಗ ಯಾರನ್ನಾದರೂ ಬೈಯಬೇಕಿತ್ತು. ಹತ್ತಿರ ಇದ್ದವಳು ನೀನು. ಹೊರಲಾರದ ಹೊಟ್ಟೆ ಹೊತ್ತುಕೊಂಡು ನಿಂತಿದ್ದವಳನ್ನು ಹಾಗೆ ಅನ್ನಬಾರದಿತ್ತು. ಇದನ್ನು ಬರೆಯೋಕೆ ನನಗೆ ಒಂದು ತಿಂಗಳು ಬೇಕಾಯಿತು ಅಂತ ಜೀಪಣ್ಣನಿಗೆ ಹೇಳಬೇಡ.

ಆದರೆ ಒಂದು ಮಾತು. ಅವು ಇಲ್ಲಿಲ್ಲ ಅಂದರೆ ನಾನು ನಂಬಲ್ಲ. ಹೊಲದ ಮಣ್ಣು ಅಂದರೆ ಒಂದೇ ಮನೆತನದವರ ಮದುವೆ ಇದ್ದ ಹಾಗೆ. ಕಾಲಿಡಲು ಜಾಗ ಇರಲ್ಲ, ಎಲ್ಲರದೂ ಒಂದೇ ಮೂಗು. ಕಾಡಿನ ಮಣ್ಣು ಬಸ್ ನಿಲ್ದಾಣ. ಜನ ಕಡಿಮೆ, ಆದರೆ ಒಬ್ಬೊಬ್ಬರು ಒಂದೊಂದು ಕಡೆಯವರು. ಇವನು ಸುರುಳಿ ಸುತ್ತಿಕೊಂಡು ಮಲಗಿರುತ್ತಾನೆ, ಅವನು ಚೂರಿಯಷ್ಟುದ್ದ ಬಾಯಿ ಇಟ್ಟುಕೊಂಡು ತಿರುಗುತ್ತಾನೆ, ಉಂಗುರ ಹುಳ ದಪ್ಪ ಸ್ವೆಟರ್ ಹಾಕಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಇಷ್ಟು ಜನ ಇದ್ದರೂ ಒಬ್ಬರೂ ಜೋರು ಮಾಡಲ್ಲ, ಮರಕ್ಕೂ ಏನೂ ಆಗಲ್ಲ. ಇದನ್ನೇ ಅಲ್ಲವಾ ನಾವು ತೋರಿಸಬೇಕು ಅಂತಿದ್ದದ್ದು?

ಅವು ಇಲ್ಲಿವೆ ಅನ್ನುವುದು ಖಂಡಿತ. ನೀನು ಎಣಿಸಿದ್ದು ತಪ್ಪು ಅನ್ನಲೂ ಈಗ ಮನಸ್ಸು ಬರುತ್ತಿಲ್ಲ. ಎರಡೂ ಹೇಗೆ ನಿಜ ಆಗುತ್ತೆ, ಗೊತ್ತಿಲ್ಲ.

ಗುಂಡಗಿರೋರು ಹೊರಳೋದು ಸುಲಭ ಅಂದುಕೊಂಡಿದ್ದೆ. ಸ್ವಲ್ಪ ಇಳಿಜಾರಿನಲ್ಲಿ ಇಟ್ಟು ನೋಡಿದ್ಯಾ?

ಜರಡಿ


ಜೂನ್ 5, ಗುರುವಾರ

ಜರಡೀ,

ಇಳಿಜಾರಿನಲ್ಲಿ ಇಡಲು ಅತ್ತೆ ಬಿಡಲಿಲ್ಲ. ಆದರೆ ಸಿಕ್ಕಿತು ಕಣೇ. ಕಾರಣ ಸಿಕ್ಕಿತು ಅಂದುಕೊಂಡಿದ್ದೇನೆ. ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು.

ಮೊನ್ನೆ ಮಧ್ಯಾಹ್ನ ಪಕ್ಕದ ಮನೆ ಪುಟ್ಟಿಯನ್ನೂ ಗುಂಡನನ್ನೂ ನಮ್ಮ ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿಸಿದ್ದೆವು. ಸುತ್ತ ಅತ್ತೆ ಮಡಚುತ್ತಿದ್ದ ಒಗೆದ ಬಟ್ಟೆ. ಪುಟ್ಟಿ ಹೊರಳಿ, ತೆವಳಿ, ಚಾಪೆ ದಾಟಿ ಕುರ್ಚಿಯ ಕೆಳಗೆ ಹೋಗಿ ಕೂಗುತ್ತಿದ್ದಳು. ಗುಂಡ ಟವೆಲುಗಳ ನಡುವೆ ಮಿಸುಕದೆ ಸೂರು ನೋಡುತ್ತಿದ್ದ. ಅಷ್ಟು ಹೊತ್ತಿಗೆ ಪುಟ್ಟಿಯ ಅಪ್ಪ ಬ್ರೆಡ್ ಕೊಡಲು ಬಂದವರು, ನೆಲ ಎಲ್ಲ ಕಣ್ಣಾಡಿಸಿ, "ಏನು, ನಮ್ಮವಳು ಒಬ್ಬಳೇನಾ? ಗುಂಡಪ್ಪ ಎಲ್ಲಿ?" ಅಂದರು. ಗುಂಡ ಅವರ ಕಾಲಬುಡದಲ್ಲೇ ಇದ್ದ. ಅತ್ತೆ ತಲೆಯೆತ್ತದೆ, "ಚಾಪೆ ಮೇಲೂ ಸ್ವಲ್ಪ ನೋಡಿ. ಇಳಿದು ಬಂದವರನ್ನ ಮಾತ್ರ ಎಣಿಸಿದ್ರೆ ಹೇಗೆ?" ಅಂದರು.

ನಾನು ಕೈಯಲ್ಲಿದ್ದ ಚಡ್ಡಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ತಟ್ಟೆಗಳನ್ನು ನೆನೆಸಿಕೋ. ಜಾಲರಿಯ ಮೇಲೆ ತೆಳು ಕಾಗದ, ಕಾಗದದ ಮೇಲೆ ಮಣ್ಣು, ಕೆಳಗೆ ನೀರು. ಎರಡು ದಿನ ಬಿಟ್ಟರೆ ಚುರುಕಾದ ಹುಳಗಳು ಕಾಗದದ ಸಂದಿಯಲ್ಲಿ ನುಸುಳಿ ನೀರಿಗಿಳಿಯುತ್ತವೆ. ನಾವು ನೀರನ್ನು ಎಣಿಸುತ್ತೇವೆ, ಮಣ್ಣನ್ನು ಚೆಲ್ಲುತ್ತೇವೆ. ಹೊಲದ ಹುಳಗಳು ಪುಟ್ಟಿಯ ಜಾತಿ, ಓಡಿ ಬರುತ್ತವೆ. ಉಂಗುರ ಹುಳ ಎಲ್ಲಿ ಓಡುತ್ತದೆ? ಅದು ಗುಂಡನ ಕಡೆಯದು. ಕಾಗದದ ಮೇಲೇ ಕೂತಿರುತ್ತದೆ, ಮಣ್ಣಿನ ಜೊತೆ ಹೊರಗೆ ಹೋಗುತ್ತದೆ. ಅದಕ್ಕೇ ಅಲ್ಲವಾ ಕಾಡಿನ ಮಣ್ಣಿಗೆ ಸಕ್ಕರೆ ವಿಧಾನ ಅಂತ ಮೇಷ್ಟ್ರು ಮೊದಲ ದಿನವೇ ಹೇಳಿದ್ದು? ಗಟ್ಟಿ ಸಕ್ಕರೆ ನೀರಲ್ಲಿ ಮಣ್ಣು ಕಲಸಿ ಯಂತ್ರದಲ್ಲಿ ತಿರುಗಿಸಿದರೆ ಮಣ್ಣು ತಳಕ್ಕೆ, ಹುಳ ಮೇಲಕ್ಕೆ. ಚುರುಕೋ ಸೋಮಾರಿಯೋ, ಎಲ್ಲರೂ ತೇಲಲೇಬೇಕು.

ಮೇಷ್ಟ್ರು ಬಿಟ್ಟುಹೋದ ನಕಲಿನಲ್ಲಿ ನಿನ್ನ ಕ್ಯಾಂಪಿನ ಪುಸ್ತಕದ ಪುಟಗಳೂ ಇವೆ. ಅದರಲ್ಲಿ ಆಗಸ್ಟಿನ ನಂತರವೂ ಸಕ್ಕರೆ ವಿಧಾನ ಅಂತಲೇ ಇದೆ. ಪುಸ್ತಕ ನಂಬಿದರೆ ತಪ್ಪು ನನ್ನ ಕಣ್ಣಿನದೇ.

ಆದರೆ ನಿನಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿದೆ. ಇದನ್ನು ಹತ್ತು ತಿಂಗಳು ನುಂಗಿಕೊಂಡಿದ್ದೆ, ಮಾತಿಗಷ್ಟೇ ಅಲ್ಲ. ತಿಂಗಳಿಗೊಮ್ಮೆ ಸಕ್ಕರೆ ಡಬ್ಬಿ ತುಂಬಿಸಿ ಜೀಪಿನಲ್ಲಿ ಕಳಿಸುವ ಕೆಲಸ ನನ್ನದಾಗಿತ್ತಲ್ಲ. ಆಗಸ್ಟಿನಲ್ಲಿ ಅದು ನನ್ನ ಮೇಜಿನ ಮೇಲೇ ಇತ್ತು. ಬಯಕೆ ಅಂದರೆ ಜನ ಹುಳಿ ಕೇಳುತ್ತಾರೆ, ನನಗೆ ಬರೀ ಸಕ್ಕರೆ. ಮೊದಲು ಒಂದು ಚಮಚ. ಆಮೇಲೆ ಬೆರಳು ಅದ್ದಿ. ಆಮೇಲೆ ಡಬ್ಬಿಯನ್ನೇ ತೊಡೆಯ ಮೇಲಿಟ್ಟುಕೊಂಡು, ಒಂದು ಕಣ್ಣು ಸೂಕ್ಷ್ಮದರ್ಶಕದಲ್ಲಿ. ಡಬ್ಬಿಯ ಮೇಲೆ "ತಿನ್ನಬಾರದು" ಅಂತ ಬರೆದಿದ್ದವಳೂ ನಾನೇ. ಸೆಪ್ಟೆಂಬರಿನದೂ ಹಾಗೇ ಹೋಯಿತು. ನೀನು ಕೇಳುತ್ತೀಯ, ಕೇಳಿದಾಗ ಹೇಳೋಣ ಅಂತ ಕಾದೆ. ನೀನು ಕೇಳಲೇ ಇಲ್ಲ. ಎಲ್ಲಿಂದಲೋ ತರಿಸಿಕೊಂಡೆ ಅಂದುಕೊಂಡು ಅಕ್ಟೋಬರಿನಿಂದ ಡಬ್ಬಿ ತುಂಬಿಸುವುದನ್ನೇ ಬಿಟ್ಟೆ.

ತರಿಸಿಕೊಂಡೆಯಾ? ಅದೊಂದನ್ನು ಹೇಳು. ಯಾಕೆಂದರೆ ನಿನ್ನ ಸಕ್ಕರೆ ನನ್ನ ಹೊಟ್ಟೆಯಲ್ಲಿತ್ತು.

ಎಣಿಕೆ


ಜೂನ್ 9, ಸೋಮವಾರ

ಸಕ್ಕರೆ ಕಳ್ಳೀ,

ಪುಸ್ತಕ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಜುಲೈ ಕೊನೆಯ ಸಾಲಿನಲ್ಲಿ "ಸಕ್ಕರೆ" ಅಂತ ಬರೆದಿದ್ದೇನೆ. ಅದರ ಕೆಳಗೆ, "ಮೇಲಿನಂತೆ" ಅನ್ನೋದಕ್ಕೆ ಹಾಕ್ತೀವಲ್ಲ, ಆ ಎರಡು ಪುಟ್ಟ ಗೀಟು. ಅದರ ಕೆಳಗೆ ಇನ್ನೆರಡು. ಹೀಗೇ ಐದು ತಿಂಗಳು, ಇರುವೆ ಸಾಲಿನ ಹಾಗೆ. ಕೈ ತಾನಾಗಿ ಎಳೆದುಕೊಂಡು ಹೋಗಿದೆ.

ಒಂದು ಸಲವೂ ಸಕ್ಕರೆ ಹಾಕಿಲ್ಲ. ಎಲ್ಲ ತಟ್ಟೆ.

ಯಾಕೆ ಕೇಳಲಿಲ್ಲ ಅಂತೀಯ. ಹೋದ ವರ್ಷ ಜೂನಿನಲ್ಲಿ ನಾನು ಲ್ಯಾಬಿಗೆ ಬಂದಿದ್ದಾಗ ಸ್ಟೋರಿನವರು ಎಲ್ಲರ ಎದುರು, "ಮೇಡಂಗೆ ಕಾಡಲ್ಲಿ ಟೀ ಸಿಹಿ ಸಾಲ್ತಿಲ್ಲ ಅನ್ಸುತ್ತೆ" ಅಂದಿದ್ದರು. ನೀನೂ ಅಲ್ಲೇ ಇದ್ದೆ, ಎಲ್ಲರ ಜೊತೆ ನಕ್ಕೆ. ಆಗಸ್ಟಿನಲ್ಲಿ ಡಬ್ಬಿ ಬರದೇ ಇದ್ದಾಗ ನೀನೇ ಬೇಕಂತ ನಿಲ್ಲಿಸಿದೆ ಅಂದುಕೊಂಡೆ. ಕೇಳಬಾರದು ಅಂತ ಹಟ ಬಂತು. ಹೊಲದ ಹುಳ ತಟ್ಟೆಯಲ್ಲಿ ಇಳಿಯುತ್ತಲ್ಲ, ಇವನ್ನು ಎರಡರ ಬದಲು ಮೂರು ದಿನ ಬಿಟ್ಟರೆ ಇವೂ ಇಳಿಯುತ್ತವೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪಟ್ಟಿ ಬಂತು, ಬರೀ ಸೊನ್ನೆ. ನಿನ್ನ ಹೊಟ್ಟೆ ಎದುರಿಗಿತ್ತು, ತಟ್ಟೆ ಮರೆತೇಹೋಯಿತು.

ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೇ. ಬಾಟಲಿಯಲ್ಲಿ ಇಲ್ಲದ್ದನ್ನು ಇಲ್ಲ ಅಂತ ಎಣಿಸಿದ್ದೀಯ. ಅವುಗಳನ್ನು ನಾನೇ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ ಮರದ ಬುಡಕ್ಕೆ ವಾಪಸ್ ಸುರಿದಿದ್ದೇನೆ. ಬೇಕಿದ್ದರೆ ಬಂದು ನೋಡು, ಅವೆಲ್ಲ ಈಗಲೂ ಅಲ್ಲೇ ಕೂತಿರುತ್ತವೆ, ಎದ್ದು ಹೋಗೋ ಪೈಕಿ ಅಲ್ಲ.

ಮೇಷ್ಟ್ರಿಗೆ ನಾನೇ ಬರೆದಿದ್ದೇನೆ, ಈ ಕಾಗದದ ಜೊತೆಗಿದೆ. ಗೀಟಿನ ವಿಷಯ ಪೂರ್ತಿ, ನಿನ್ನ ಬಯಕೆ ಬಿಟ್ಟು. ಅದನ್ನು ಬೇಕಾದರೆ ನೀನೇ ಹೇಳಿಕೋ.

ಇನ್ನು ಮೂರು ವಾರ ಇದೆ. ಏನು ಮಾಡೋಣ?

ಜರಡಿ

ಆ ದಿನ ನೀನು ನಕ್ಕಿದ್ದೆ ಅಂತ ನನಗೆ ಅನ್ನಿಸಿದ್ದು. ನಿಜವಾಗಿ ನಕ್ಕೆಯಾ?


ಜೂನ್ 12, ಗುರುವಾರ

ಜರಡೀ,

ನಕ್ಕೆ. ಒಳ್ಳೆಯ ಮಾತು ಅಂತ ಅಲ್ಲ, ಎಲ್ಲರೂ ನಕ್ಕರು ಅಂತ. ಕ್ಷಮಿಸು.

ಬಯಕೆಯ ವಿಷಯ ಮೇಷ್ಟ್ರಿಗೆ ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಎಷ್ಟು ತಿಂದ್ರಿ?" ಅಂತ ಕೇಳಿದರು. ಎರಡು ಡಬ್ಬಿ ಅಂದೆ. "ವಿಧಾನಗಳ ಅಧ್ಯಾಯದಲ್ಲಿ ಇದನ್ನ ಹೇಗೆ ಬರೆಯೋದು ಅಂತ ಯೋಚಿಸ್ತಿದೀನಿ" ಅಂದರು. ಬೈದರೋ ನಕ್ಕರೋ ನನಗೆ ಗೊತ್ತಾಗಲಿಲ್ಲ. ಆದರೆ ಹಳೆಯ ಸೊನ್ನೆಗಳಿಗೆ ಇದೇ ಕಾರಣ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದಂತೆ, ಮಾಡಿ ತೋರಿಸಬೇಕಂತೆ. ತೋರಿಸಿದರೆ ಕಾಡಿನ ಭಾಗ ಉಳಿಯುತ್ತದೆ.

ಹೀಗೆ ಮಾಡು. ಹನ್ನೆರಡು ಮರ ಆರಿಸಿಕೋ. ಒಂದೊಂದರ ಬುಡದ ಹೊಸ ಮಣ್ಣನ್ನು ಚೆನ್ನಾಗಿ ಬೆರೆಸಿ ಎರಡು ಪಾಲು ಮಾಡು. ಒಂದು ಪಾಲು ತಟ್ಟೆಗೆ, ಒಂದು ಪಾಲು ಸಕ್ಕರೆಗೆ. ಇಪ್ಪತ್ತನಾಲ್ಕು ಬಾಟಲಿಗೂ ಬರೀ ನಂಬರು ಹಾಕು, ಅದನ್ನೂ ಅಡ್ಡಾದಿಡ್ಡಿ ಹಾಕು. ಯಾವುದು ಯಾವುದೆಂದು ನನಗೆ ಹೇಳಬೇಡ. ಪಟ್ಟಿಯನ್ನು ಲಕೋಟೆಯಲ್ಲಿ ಅಂಟಿಸಿ ಮೇಷ್ಟ್ರ ಹೆಸರಿಗೆ ಕಳಿಸು. ನಾನು ಎಣಿಸಿ ಮುಗಿಸಿದ ಮೇಲೆ ಅವರು ಒಡೆಯಲಿ. ನನಗೆ ಬೇಕಾದದ್ದನ್ನು ನಾನು ಕಂಡೆ ಅಂತ ಆಗಬಾರದು.

ಆರು ತಿಂಗಳಾದ ಮೇಲೆ ಲ್ಯಾಬಿನಲ್ಲಿ ಎಣಿಸಲು ಕೂರುತ್ತೇನೆ. ಅತ್ತೆಯೂ ಗುಂಡನನ್ನು ಎತ್ತಿಕೊಂಡು ಬರುತ್ತಾರಂತೆ, ಚಾಪೆ ಸಮೇತ. ಮಕ್ಕಳ ಡಾಕ್ಟರು ಅವನನ್ನು ತಿರುಗಿಸಿ ಮಗುಚಿ ನೋಡಿ, "ಎಲ್ಲ ಸರಿ ಇದೆ, ಅವನಿಗೆ ಅವಸರ ಇಲ್ಲ ಅಷ್ಟೇ" ಅಂದರು. ಹೊರಳು ಇವತ್ತೂ ಸೊನ್ನೆ. ನಾನು ಮೇಲೆ ಬಗ್ಗಿ ನಿಂತು ಹತ್ತು ನಿಮಿಷ ಕಾದೆ. ಅವನು ನನ್ನನ್ನು ನೋಡಿ ನಗುತ್ತಾ ಮಲಗಿದ್ದ.

ಸಕ್ಕರೆ ನಮ್ಮ ಮನೆಯದು. ಅತ್ತೆ ತಾವೇ ತುಂಬಿಸಿ, ಹೊಲಿಗೆ ಪೆಟ್ಟಿಗೆಯ ಪಟ್ಟಿಯಿಂದ ಬಿಗಿದು ಕಟ್ಟಿದ್ದಾರೆ. ನಾನು ಮುಟ್ಟಿಲ್ಲ ಅನ್ನುವುದಕ್ಕೆ ಗಂಟೇ ಸಾಕ್ಷಿ.

ಎಣಿಕೆ


ಜೂನ್ 13, ಶುಕ್ರವಾರ
(ಸಕ್ಕರೆ ಡಬ್ಬಿಯೊಳಗೆ)

ಜರಡಿಯವರೇ,

ನಿಮ್ಮ ಹೆಸರು ಗೊತ್ತಿದ್ದರೂ ಸೊಸೆ ಕರೆಯುವ ಹಾಗೇ ಕರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಗುಂಡನ ಅಜ್ಜಿ. ಚೀಟಿ ಇಡಲು ಡಬ್ಬಿಗಿಂತ ಭದ್ರವಾದ ಜಾಗ ಈ ಮನೆಯಲ್ಲಿಲ್ಲ. ಈಗ ಅವಳು ಸಕ್ಕರೆಯ ಹತ್ತಿರವೂ ಸುಳಿಯುವುದಿಲ್ಲ.

ಒಂದು ವಿಷಯ ಯಾರಿಗಾದರೂ ಹೇಳದಿದ್ದರೆ ನನಗೆ ತಡೆಯುವುದಿಲ್ಲ. ಕೂಸು ಹೊರಳುತ್ತಾನೆ. ಎಂಟು ದಿನವಾಯಿತು. ಅವಳು ಸ್ನಾನಕ್ಕೆ ಹೋದ ಕೂಡಲೇ ಈ ಕಡೆಯಿಂದ ಆ ಕಡೆಗೆ, ಚೆನ್ನಾಗಿ. ಅವಳು ಬಂದು ಮೇಲೆ ಬಗ್ಗಿ ನಿಂತರೆ ಬಿಟ್ಟುಬಿಡುತ್ತಾನೆ. ಅಮ್ಮನ ಮುಖ ಮೇಲಿರುವಾಗ ಅವನು ಯಾಕೆ ಬೇರೆ ಕಡೆ ತಿರುಗಬೇಕು?

ನಾನು ಹೇಳಿಲ್ಲ. ಹೇಳಿದರೆ ಮೊದಲು ಕಂಡವಳು ನಾನಾಗಿಬಿಡುತ್ತೇನೆ. ಅವಳಿಗೆ ನಿದ್ದೆ ಇಲ್ಲ, ತಲೆ ಬಾಚಲು ಪುರಸೊತ್ತಿಲ್ಲ, ಇದೊಂದನ್ನಾದರೂ ಅವಳೇ ಮೊದಲು ನೋಡಲಿ ಅಂತ. ನನ್ನ ಮಗ ಹೊರಳಿದಾಗ ನಾನು ಯಾರದೋ ಮದುವೆಯ ಬಟ್ಟೆ ಹೊಲಿಯುತ್ತಿದ್ದೆ, ನಮ್ಮತ್ತೆ ಬಂದು ಹೇಳಿದರು. ಅವರು ಖುಷಿಯಿಂದಲೇ ಹೇಳಿದ್ದು. ಆದರೂ ನೋಡಿ, ಇನ್ನೂ ನೆನಪಿದೆ.

ಚೀಟಿ ಒಲೆಗೆ ಹಾಕಿ. ಸಕ್ಕರೆ ಸಾಲದಿದ್ದರೆ ಹೇಳಿ ಕಳಿಸಿ.

ಗುಂಡನ ಅಜ್ಜಿ


ಜೂನ್ 23, ಸೋಮವಾರ

ಎಣಿಕೆ,

ಇಪ್ಪತ್ತನಾಲ್ಕು ಬಾಟಲಿ ಇವೆ. ಮುಚ್ಚಳ ಎಲ್ಲ ಬಿಗಿ ಇದೆ, ಎರಡೆರಡು ಸಲ ನೋಡಿದ್ದೇನೆ. ಲಕೋಟೆ ಜೀಪಣ್ಣನ ಅಂಗಿಯ ಜೇಬಿನಲ್ಲಿ. ಒಂದು ವಾರ ಯಂತ್ರ ತಿರುಗಿಸಿದ್ದಕ್ಕೆ ಕೋಣೆ ತುಂಬ ಇರುವೆ. ನಾನು ಕಾಲು ಮೇಲೆ ಮಡಚಿಕೊಂಡು ಬರೆಯುತ್ತಿದ್ದೇನೆ.

ನಾನು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿಲ್ಲ. ಆಸೆ ಆಯಿತು. ನೋಡಿಲ್ಲ.

ಒಂದು ಮಾತು ಹೇಳಲಾ? ಎಣಿಸುವಾಗ ಗುಂಡನ ಕಡೆ ನೋಡಬೇಡ. ಪೂರ್ತಿ ಬೆನ್ನು ತಿರುಗಿಸಿ ಕೂರು. ನಿನ್ನ ಕೆಲಸ ನೀನು ಮಾಡು, ಅವನ ಕೆಲಸ ಅವನು ಮಾಡಲಿ.

ನಿಮ್ಮ ಅತ್ತೆಯವರಿಗೆ ಹೇಳು, ಡಬ್ಬಿಯಲ್ಲಿದ್ದದ್ದೆಲ್ಲ ಸಿಕ್ಕಿತು, ಭದ್ರವಾಗಿದೆ ಅಂತ.

ಜರಡಿ


ಜೂನ್ 26, ಗುರುವಾರ

ಜರಡೀ,

ಮೊದಲು ನಂಬರು ಹೇಳಲೋ ಕಥೆ ಹೇಳಲೋ? ನೀನು ಕಾಲು ಮಡಚಿಕೊಂಡು ಕಾಯುತ್ತಿರುತ್ತೀಯ, ನಂಬರೇ ಹೇಳುತ್ತೇನೆ. ಹನ್ನೆರಡು ಬಾಟಲಿಗಳಲ್ಲಿ ಎರಡು ಮೂರು ಜಾತಿ. ಮಿಕ್ಕ ಹನ್ನೆರಡರಲ್ಲಿ ಎಂಟಕ್ಕೆ ಕಡಿಮೆ ಒಂದೂ ಇಲ್ಲ. ಒಂದರಲ್ಲಿ ಹನ್ನೊಂದು. ಮೇಷ್ಟ್ರು ಲಕೋಟೆ ಒಡೆದು ನಿನ್ನ ಪಟ್ಟಿಯನ್ನು ನನ್ನ ಪಟ್ಟಿಯ ಪಕ್ಕ ಇಟ್ಟು ಬೆರಳಿನಿಂದ ಒಂದೊಂದೇ ಸಾಲು ಇಳಿದರು. ತಟ್ಟೆ, ಸಕ್ಕರೆ, ಸಕ್ಕರೆ, ತಟ್ಟೆ. ಒಂದೂ ತಪ್ಪಿಲ್ಲ. ಹನ್ನೊಂದು ಸಿಕ್ಕಿದ್ದು ನಿನ್ನ ಹದಿನೇಳನೇ ಮರ. ಅದರಲ್ಲಿ ಎರಡು ಉಂಗುರ ಹುಳ ಯಾವ ಜಾತಿ ಅಂತ ಮೇಷ್ಟ್ರಿಗೂ ತಿಳಿಯಲಿಲ್ಲ. ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ ಅವರು, ನಾನು ಪಕ್ಕದಲ್ಲಿ ನಿಂತೇ ಇದ್ದೆ.

ಕಾಡಿನ ಭಾಗ ಉಳಿಯಿತು. ಆಗಸ್ಟಿನ ನಂತರದ ಸೊನ್ನೆಗಳನ್ನೆಲ್ಲ ಮೇಷ್ಟ್ರು ಪೆನ್ಸಿಲಿನಿಂದ ಹೊಡೆದು, ಒಂದೊಂದರ ಜಾಗದಲ್ಲೂ "ತಟ್ಟೆಯಲ್ಲಿ ಕಂಡಿಲ್ಲ" ಅಂತ ಬರೆಯಲು ಹೇಳಿದರು. ಬರೆಯಬೇಕಾದವಳು ನಾನು. ಇನ್ನೂರಕ್ಕೂ ಹೆಚ್ಚು ಸಲ. "ಮೇಲಿನಂತೆ ಅಂತ ಗೀಟು ಎಳೀಲಾ ಸಾರ್?" ಅಂತ ಕೇಳಿದೆ. ಅವರು ನೋಡಿದ ನೋಟಕ್ಕೆ ಪೂರ್ತಿ ಬರೆದೆ.

ಅತ್ತೆಗೂ ಒಂದು ಉಂಗುರ ಹುಳ ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. "ಇಷ್ಟು ಸಮ ನೆರಿಗೆ ನನ್ನ ಕೈಲೂ ಬರ್ತಿರಲಿಲ್ಲ. ಇದನ್ನ ಹಾಕ್ಕೊಂಡು ಯಾರು ಓಡಾಡ್ತಾರೆ ಹೇಳು" ಅಂದರು.

ಈಗ ಇನ್ನೊಂದು. ನೀನು ಹೇಳಿದ ಹಾಗೆ ಬೆನ್ನು ತಿರುಗಿಸಿಯೇ ಕೂತಿದ್ದೆ. ಚಾಪೆ ಕಿಟಕಿಯ ಕೆಳಗೆ, ಅತ್ತೆ ಅದರ ಪಕ್ಕ ಸ್ಟೂಲಿನ ಮೇಲೆ. ಎರಡು ಗಂಟೆ ನಾನು ಅವನನ್ನು ಮರೆತೇಬಿಟ್ಟಿದ್ದೆ. ಹುಟ್ಟಿದಾಗಿನಿಂದ ಇದೇ ಮೊದಲು. ಒಂಬತ್ತನೇ ಬಾಟಲಿ ತಗೊಳ್ಳಲು ಸುಮ್ಮನೆ ಕತ್ತು ಹೊರಳಿಸಿದೆ ನೋಡು, ಗುಂಡ ಬೆನ್ನ ಮೇಲಿದ್ದವನು ಒಂದು ಕಾಲೆತ್ತಿ, ಸೊಂಟ ತಿರುಗಿಸಿ, ಅಡಿಗೆ ಸಿಕ್ಕ ಕೈಯನ್ನು ನೀಟಾಗಿ ಎಳೆದುಕೊಂಡು, ಹೊಟ್ಟೆಯ ಮೇಲೆ ಬಂದು ತಲೆಯೆತ್ತಿದ. ಆಮೇಲೆ ನನ್ನನ್ನು ನೋಡಿದ.

ನಾನು ಬಾಟಲಿ ಬೀಳಿಸಲಿಲ್ಲ. ಅದು ನಿನಗೆ ತಿಳಿದಿರಲಿ.

ಅತ್ತೆ ಸ್ಟೂಲಿನಿಂದ ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಇದೇನಿದು, ಹೊರಳಿದನಲ್ಲಾ" ಅಂದರು. ಅವರು ಹೊಲಿಗೆಯಲ್ಲಿ ಎಷ್ಟು ಜಾಣೆಯೋ ನಾಟಕದಲ್ಲಿ ಅಷ್ಟು ಅಲ್ಲ. ಅಡಿಯಲ್ಲಿ ಸಿಕ್ಕ ಕೈ ಎಳೆದುಕೊಳ್ಳಲು ಮಕ್ಕಳಿಗೆ ಹತ್ತಾರು ದಿನದ ಅಭ್ಯಾಸ ಬೇಕು. ಪುಟ್ಟಿ ಅದನ್ನು ಕಲಿತದ್ದನ್ನು ನಾನೇ ದಿನಾ ನೋಡಿದ್ದೇನೆ. ಡಬ್ಬಿಯಲ್ಲಿ ಏನಿತ್ತು ಅಂತ ನಿನ್ನನ್ನು ಕೇಳುವುದಿಲ್ಲ. ಅವರನ್ನೂ ಕೇಳಲಿಲ್ಲ. ಅವರನ್ನು ಒಂದು ಸಲ ತಬ್ಬಿಕೊಂಡೆ. ಅವರಿಗೆ ಅದು ಅಭ್ಯಾಸವಿಲ್ಲ, ನನ್ನ ತೋಳಿನ ಅಳತೆ ತೆಗೆಯುವವರ ಹಾಗೆ ನಿಂತಿದ್ದರು.

ಮನೆಗೆ ಬಂದು ಚಾರ್ಟಿನ ಮುಂದೆ ನಿಂತೆ. ಹೊರಳಿನ ಸಾಲಿನಲ್ಲಿದ್ದ ಸೊನ್ನೆಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದೆ. ಅವುಗಳ ಜಾಗದಲ್ಲಿ "ನಾನು ಬಗ್ಗಿ ನೋಡಿದಾಗ ಕಂಡಿಲ್ಲ" ಅಂತ ಒಂದೇ ಸಲ ಬರೆದು, ಉದ್ದಕ್ಕೂ ಗೀಟು ಎಳೆದೆ. ಇಲ್ಲಿ ಕೇಳಲು ಮೇಷ್ಟ್ರಿಲ್ಲ.

ಕೊನೆಗೆ ಹೊಸ ಸಾಲು. "ಜೂನ್ 25, ಮಧ್ಯಾಹ್ನ ಮೂರೂ ಹತ್ತು" ಅಂತ ಬರೆದೆ. ಮುಂದೆ "ಮೊದಲ ಸಲ" ಅಂತ ಬರೆಯಲು ಕೈ ಹೋಯಿತು, ನಿಲ್ಲಿಸಿದೆ. ಅತ್ತೆ ಹಿಂದೆಯೇ ನಿಂತು ಹಾಲು ಕಾಯಿಸುತ್ತಿದ್ದರು, ಹಾಲನ್ನು ನೋಡುತ್ತಿರಲಿಲ್ಲ.

"ಅಮ್ಮನಿಗೆ ಮೊದಲು ಕಂಡದ್ದು" ಅಂತ ಬರೆದೆ.

ಅತ್ತೆ ಓದಿದರು. ಹಾಲು ಉಕ್ಕಿತು.

ಎಣಿಕೆ